ಗ್ಲೈಡರ್ ಹಾರಿಸುವವರೇ, ಅರ್ಧ ದುಡ್ಡು ಸರ್ಕಾರ ಕೊಡುತ್ತದೆ, ಬಿಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯನ್ನು ಆಸ್ಟ್ರೇಲಿಯಾದಲ್ಲಿ ಕೂತು ಫೋನಿನಲ್ಲೇ ಓದುವ ಕನ್ನಡಿಗರು ಬಹಳ ಜನ ಇದ್ದೇವೆ. ನಮ್ಮಲ್ಲಿ ಕೆಲವರು ಶನಿವಾರ, ಭಾನುವಾರ ಗ್ಲೈಡರ್ ಹಾರಿಸುತ್ತೇವೆ. ಇನ್ನು ಕೆಲವರ ಮಕ್ಕಳು ಪೈಲಟ್ ತರಬೇತಿಗೆ ಅಂತ ಊರಿಂದ ಇಲ್ಲಿಗೆ ಬಂದಿದ್ದಾರೆ. ಇವರಿಗೆಲ್ಲ ತಲುಪಲಿ ಅಂತ ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಇದು. ವಿಮಾನ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಯಾವ ಕಡೆ ಹೋಗುತ್ತಿದೆ ಅಂತ ಸುತ್ತಮುತ್ತಲಿನವರಿಗೆ ತಾನಾಗಿಯೇ ತಿಳಿಸುವ ಸಾಧನಕ್ಕೆ ಎಡಿಎಸ್-ಬಿ ಅನ್ನುತ್ತಾರೆ. ಅದನ್ನು ಕೊಂಡು ಹಾಕಿಸಿಕೊಂಡರೆ ಆಸ್ಟ್ರೇಲಿಯಾ ಸರ್ಕಾರ ಅರ್ಧ ಖರ್ಚು ವಾಪಸ್ ಕೊಡುತ್ತದೆ. ಹೆಚ್ಚೆಂದರೆ 5,000 ಡಾಲರ್. ಇದಕ್ಕೆ ಅಂತ ಒಟ್ಟು 3 ಕೋಟಿ ಡಾಲರ್ ತೆಗೆದಿಟ್ಟಿದ್ದಾರೆ. ಆದರೆ ಕ್ಲಬ್ಬುಗಳಲ್ಲಿ ಕೇಳಿ ನೋಡಿ, ಹತ್ತರಲ್ಲಿ ಅರ್ಧ ಜನ "ಅದು ಇಂಜಿನ್ ಇರೋ ವಿಮಾನದವರಿಗೆ, ನಮಗಲ್ಲ" ಅನ್ನುತ್ತಾರೆ. ಇದು ತಪ್ಪು ತಿಳುವಳಿಕೆ. ನೋಂದಣಿಯಾದ, ಕಣ್ಣಿಂದ ನೋಡಿಕೊಂಡು ಹಾರುವ, ಅಂದರೆ ವಿಎಫ್ಆರ್ ನಿಯಮದಲ್ಲಿ ಹಾರುವ ವಿಮಾನಗಳಿಗೆ ಅಂತಲೇ ಈ ಯೋಜನೆ ಇರುವುದು. ನಮ್ಮ ಗ್ಲೈಡರ್‌ಗಳು ಇಲ್ಲಿ ವಿಎಚ್ ಅಕ್ಷರ ಹೊತ್ತುಕೊಂಡು ವಿಮಾನಗಳ ಪಟ್ಟಿಯಲ್ಲೇ ಇವೆ, ಹಾರುವುದೂ ಕಣ್ಣಿಂದ ನೋಡಿಕೊಂಡೇ. ಮತ್ತೆ ನಮಗಲ್ಲದೆ ಇನ್ನಾರಿಗೆ?

ಗ್ಲೈಡರ್ ನೋಡದವರಿಗೆ ಎರಡು ಮಾತು. ಇಂಜಿನ್ ಇಲ್ಲದ ವಿಮಾನ ಅದು. ಇನ್ನೊಂದು ವಿಮಾನ ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡುತ್ತದೆ, ಇಲ್ಲವೇ ನೆಲದ ಮೇಲಿನ ವಿಂಚ್, ಅಂದರೆ ಹಗ್ಗ ಸುತ್ತುವ ಯಂತ್ರ, ಎಳೆದು ಬಿಡುತ್ತದೆ. ಆಮೇಲೆ ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿ ಹುಡುಕಿ, ಅದರೊಳಗೆ ಸುತ್ತು ಹಾಕುತ್ತಾ ಮೇಲೇರಬೇಕು. ಬೆನಲ್ಲಾ, ನ್ಯಾರೊಮೈನ್, ಲೇಕ್ ಕೀಪಿಟ್ ಕಡೆ ಬೇಸಿಗೆಯಲ್ಲಿ ಒಳ್ಳೆಯ ದಿನ ಸಿಕ್ಕರೆ ನೂರಾರು ಕಿಲೋಮೀಟರ್ ಹೋಗಿ ಬರುತ್ತಾರೆ. ಬೆನಲ್ಲಾದಲ್ಲಿ 2017ರ ಜನವರಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ಪೇ ನಡೆದಿತ್ತು. ಅಷ್ಟು ಒಳ್ಳೆಯ ಆಕಾಶ ಇದು.

ಆದರೆ ಗ್ಲೈಡರನ್ನು ಆಕಾಶದಲ್ಲಿ ಕಾಣುವುದು ಬಹಳ ಕಷ್ಟ. ಬಿಳಿ ಬಣ್ಣ, ಸಣಕಲು ಮೈ, ಉದ್ದನೆಯ ತೆಳು ರೆಕ್ಕೆ. ಎದುರಿಂದ ನೋಡಿದರೆ ಒಂದು ಗೆರೆ, ಅಷ್ಟೇ. ಹಿಂದೆ ಬಿಳಿ ಮೋಡ ಇದ್ದರಂತೂ ಆ ಗೆರೆಯೂ ಇಲ್ಲ. ಇನ್ನೊಂದು ವಿಷಯ ಹಾರದವರಿಗೆ ನಂಬೋದು ಕಷ್ಟ ಅನ್ನಿಸಬಹುದು. ನಿಮಗೆ ಡಿಕ್ಕಿ ಹೊಡೆಯಲಿರುವ ವಿಮಾನ ನಿಮ್ಮ ಗಾಜಿನ ಮೇಲೆ ಅಲುಗಾಡುವುದೇ ಇಲ್ಲ, ಒಂದೇ ಜಾಗದಲ್ಲಿ ಚುಕ್ಕೆಯ ಹಾಗೆ ನಿಂತಿರುತ್ತದೆ. ನಮ್ಮ ಕಣ್ಣು ಹಿಡಿಯುವುದು ಚಲಿಸುವ ವಸ್ತುವನ್ನು. ನಿಂತ ಚುಕ್ಕೆಯನ್ನು ಕಣ್ಣು ಸುಮ್ನೆ ದಾಟಿಕೊಂಡು ಹೋಗಿಬಿಡುತ್ತದೆ. ಆ ಚುಕ್ಕೆ ದೊಡ್ಡದಾಗುವುದು ಕೊನೆಯ ಕೆಲವು ಸೆಕೆಂಡುಗಳಲ್ಲಿ ಮಾತ್ರ.

ಲೆಕ್ಕ ಹಾಕಿ ನೋಡಿ. ಗ್ಲೈಡರ್ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿದೆ, ಎದುರಿನ ಸಣ್ಣ ವಿಮಾನ 200ರಲ್ಲಿದೆ ಅಂದುಕೊಳ್ಳಿ. ಎರಡೂ ಸೇರಿ 350. ಅಂದರೆ ಸೆಕೆಂಡಿಗೆ ಸುಮಾರು 97 ಮೀಟರ್ ಹತ್ತಿರ ಬರುತ್ತಿವೆ. ಒಂದು ವಸ್ತು ಕಣ್ಣಿಗೆ ಬಿದ್ದು, ಅದು ವಿಮಾನ ಅಂತ ತಿಳಿದು, ಡಿಕ್ಕಿಯಾಗುತ್ತದೆ ಅಂತ ಅರ್ಥವಾಗಿ, ಕೈ ಕಾಲು ಆಡಿಸಿ, ವಿಮಾನ ತಿರುಗುವುದಕ್ಕೆ 12.5 ಸೆಕೆಂಡ್ ಬೇಕು ಅಂತ ವಿಮಾನಯಾನದವರು ಬಹಳ ಹಿಂದಿನಿಂದ ಲೆಕ್ಕ ಇಟ್ಟುಕೊಂಡಿದ್ದಾರೆ. ಅಂದರೆ 1.2 ಕಿಲೋಮೀಟರ್ ದೂರದಲ್ಲೇ ಆ ತೆಳು ಗೆರೆ ಕಾಣಬೇಕು. ಎಷ್ಟು ಸಲ ಕಾಣುತ್ತೆ ಹೇಳಿ?

ಆಸ್ಟ್ರೇಲಿಯಾದ ವಿಮಾನ ಅಪಘಾತ ತನಿಖಾ ಸಂಸ್ಥೆಯೇ 1991ರಲ್ಲಿ ಇದರ ಬಗ್ಗೆ ವರದಿ ಕೊಟ್ಟಿತ್ತು. ಬರೀ ಕಣ್ಣನ್ನು ನಂಬಿಕೊಂಡು ತಪ್ಪಿಸಿಕೊಳ್ಳುವುದಕ್ಕೆ ಮಿತಿ ಇದೆ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ಮಾತೂ ಇದೆ. ಇಂಥ ಕಡೆ ವಿಮಾನ ಇದೆ ನೋಡು ಅಂತ ಮೊದಲೇ ಯಾರಾದರೂ ಹೇಳಿದರೆ ಅದೇ ಕಣ್ಣಿನ ಹುಡುಕಾಟ ಎಂಟು ಪಟ್ಟು ಜಾಸ್ತಿ ಫಲ ಕೊಡುತ್ತದೆ. ಎಡಿಎಸ್-ಬಿ ಮಾಡುವ ಕೆಲಸ ಅದೇ. ಕಣ್ಣಿನ ಬದಲಿಗೆ ಬಂದದ್ದಲ್ಲ ಅದು, ಕಣ್ಣು ಎಲ್ಲಿ ನೋಡಬೇಕು ಅಂತ ಹೇಳಲು ಬಂದದ್ದು.

ಈ ಸಾಧನ ಯಾಕೆ ಬೇಕು ಅನ್ನುವುದನ್ನೂ ಮರೆಯಬಾರದು. 2020ರ ಫೆಬ್ರವರಿ 19ರಂದು ವಿಕ್ಟೋರಿಯಾ ರಾಜ್ಯದ ಮ್ಯಾಂಗಲೋರ್ ಹತ್ತಿರ ಎರಡು ಸಣ್ಣ ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದು ನಾಲ್ಕು ಜನ ಸತ್ತರು. ನಮ್ಮ ಕರಾವಳಿಯ ಮಂಗಳೂರಲ್ಲ, ಮೆಲ್ಬರ್ನ್‌ನಿಂದ ಉತ್ತರಕ್ಕೆ ಇರುವ ಸಣ್ಣ ಊರು. ಎರಡರಲ್ಲೂ ಇದ್ದವರು ತರಬೇತಿ, ಪರೀಕ್ಷೆ ಅಂತ ಹಾರುತ್ತಿದ್ದವರು. ಮನಸ್ಸಿಗೆ ಚುಚ್ಚುವ ಸಂಗತಿ ಏನೆಂದರೆ ಆ ಎರಡೂ ವಿಮಾನಗಳಲ್ಲಿ ಎಡಿಎಸ್-ಬಿ ಕಳಿಸುವ ಸಾಧನ ಇತ್ತು. ಬೇರೆಯವರು ಕಳಿಸಿದ್ದನ್ನು ಹಿಡಿದು ಪೈಲಟ್ ಕಣ್ಣಿಗೆ ತೋರಿಸುವ ಸಾಧನ ಎರಡರಲ್ಲೂ ಇರಲಿಲ್ಲ. ಅದು ಇದ್ದಿದ್ದರೆ ಎಷ್ಟೋ ಮೊದಲೇ ಎಚ್ಚರಿಕೆ ಸಿಗುತ್ತಿತ್ತು ಅಂತ 2022ರಲ್ಲಿ ತನಿಖಾ ವರದಿ ಹೇಳಿತು. ಸಹಾಯಧನದ ಘೋಷಣೆ ಬಂದದ್ದು 2021ರ ಕೊನೆಗೆ, ಅರ್ಜಿ ತೆರೆದದ್ದು 2022ರಲ್ಲಿ.

ಅದರ ಮುಂದಿನ ವರ್ಷ, 2023ರ ಜುಲೈ 28ಕ್ಕೆ, ಕ್ವೀನ್ಸ್‌ಲ್ಯಾಂಡಿನ ಕಬುಲ್ಚರ್ ಮೈದಾನದಲ್ಲಿ ಒಂದು ಜಬಿರು ವಿಮಾನಕ್ಕೂ ಗ್ಲೈಡರ್ ಎಳೆಯುವ ಪಾನೀ ವಿಮಾನಕ್ಕೂ ಡಿಕ್ಕಿಯಾಯಿತು. ರನ್‌ವೇಗಳು ಒಂದಕ್ಕೊಂದು ಅಡ್ಡ ಹಾಯುತ್ತವೆ, ನಡುವೆ ಮರಗಳಿದ್ದು ಒಂದರಿಂದ ಇನ್ನೊಂದು ಪೂರ್ತಿ ಕಾಣುತ್ತಿರಲಿಲ್ಲ. ಜಬಿರುವಿನಲ್ಲಿದ್ದ ಇಬ್ಬರೂ ತೀರಿಹೋದರು. ಗ್ಲೈಡರ್ ಎಳೆಯುವ ವಿಮಾನ ಅಂದರೆ ನಮ್ಮ ಮನೆಯದೇ ವಿಮಾನ. ಇದಾದ ಮೇಲೂ "ನಮಗೆ ಸಂಬಂಧ ಇಲ್ಲ" ಅಂತ ಹೇಗೆ ಹೇಳುವುದು?

"ನಮ್ಮ ಹತ್ತಿರ ಫ್ಲಾರ್ಮ್ ಇದೆಯಲ್ಲ" ಅಂತ ಕೆಲವರು ಹೇಳುತ್ತಾರೆ. ನನ್ನ ಗ್ಲೈಡರ್‌ನಲ್ಲೂ ಇದೆ, ಅದನ್ನು ತೆಗೆಯುವ ಮಾತೇ ಇಲ್ಲ. ಫ್ಲಾರ್ಮ್ ಅನ್ನುವ ಡಿಕ್ಕಿ ಎಚ್ಚರಿಕೆ ಸಾಧನ ಸ್ವಿಟ್ಜರ್ಲೆಂಡಿನಲ್ಲಿ 2004ರ ಸುಮಾರಿಗೆ ಹುಟ್ಟಿದ್ದೇ ಗ್ಲೈಡರ್‌ಗಾಗಿ. ಗ್ಲೈಡರ್ ಸುತ್ತು ಹಾಕುವಾಗ ಮುಂದೆ ಎಲ್ಲಿಗೆ ಬರುತ್ತದೆ ಅಂತ ಊಹಿಸಿ, ನಿಜವಾಗಿ ಅಪಾಯ ಇದ್ದಾಗ ಮಾತ್ರ ಕೂಗುತ್ತದೆ. ಒಂದೇ ಬಿಸಿಗಾಳಿಯಲ್ಲಿ ಏಳೆಂಟು ಗ್ಲೈಡರ್ ಸುತ್ತುವಾಗ ಅದಕ್ಕೆ ಸಾಟಿ ಇಲ್ಲ. ಆದರೆ ಫ್ಲಾರ್ಮ್ ಮಾತಾಡುವುದು ಫ್ಲಾರ್ಮ್ ಇದ್ದವರ ಜೊತೆ. ನಮ್ಮ ಕೆಳಗೆ ದಾಟಿ ಹೋಗುವ ಸಣ್ಣ ಸೆಸ್ನಾ ವಿಮಾನದ ಪೈಲಟ್‌ಗೆ, ರೋಗಿಯನ್ನು ಹೊತ್ತು ಹಳ್ಳಿಯ ಮಣ್ಣಿನ ರನ್‌ವೇಗೆ ಇಳಿಯುತ್ತಿರುವ ಫ್ಲೈಯಿಂಗ್ ಡಾಕ್ಟರ್ ವಿಮಾನಕ್ಕೆ ನಾವು ಇದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ಪವರ್‌ಫ್ಲಾರ್ಮ್ ಅನ್ನುವ, ಎಡಿಎಸ್-ಬಿಯನ್ನೂ ಹಿಡಿಯುವ ಸಾಧನ ಇದ್ದರೆ ಅವರು ನಮಗೆ ಕಾಣುತ್ತಾರೆ, ಅವರಿಗೆ ನಾವು ಕಾಣುವುದಿಲ್ಲ. ದೀಪವಿಲ್ಲದೆ ರಾತ್ರಿ ಹೆದ್ದಾರಿಗೆ ಇಳಿದ ಎತ್ತಿನಗಾಡಿಯ ಕಥೆ ಇದು. ಗಾಡಿಯವನಿಗೆ ಎಲ್ಲ ಲಾರಿಗಳೂ ಕಾಣುತ್ತವೆ, ಲಾರಿಯವನಿಗೆ ಗಾಡಿ ಕಾಣುವುದಿಲ್ಲ. ಸಹಾಯಧನ ಇರುವುದು ಎಡಿಎಸ್-ಬಿ ಸಾಧನಕ್ಕೆ. ಬರೀ ಫ್ಲಾರ್ಮ್ ಕೊಂಡು ಬಿಲ್ ಕಳಿಸಿದರೆ ಪ್ರಯೋಜನವಿಲ್ಲ.

ಏನು ಕೊಳ್ಳಬೇಕು ಅನ್ನುವುದಕ್ಕೆ ಎರಡು ದಾರಿ ಇವೆ. ಒಂದು, ಪ್ಯಾನಲ್ಲಿನಲ್ಲಿ ಕೂರಿಸುವ, ರಾಡಾರ್ ಕೇಳಿದಾಗ ಉತ್ತರವನ್ನೂ ಕೊಡುವ ಟ್ರಾನ್ಸ್‌ಪಾಂಡರ್. ಇದು ಪಕ್ಕಾ. ನೆಲದಲ್ಲಿರುವ ನಿಯಂತ್ರಕರಿಗೂ ಕಾಣುತ್ತದೆ, ದೊಡ್ಡ ವಿಮಾನಗಳ ಡಿಕ್ಕಿ ತಪ್ಪಿಸುವ ಯಂತ್ರಕ್ಕೂ ಕಾಣುತ್ತದೆ. ಆದರೆ ಬೆಲೆ ಜಾಸ್ತಿ, ಕೂರಿಸಲು ಅಧಿಕಾರ ಇರುವ ತಂತ್ರಜ್ಞರೇ ಬೇಕು, ಕರೆಂಟೂ ಜಾಸ್ತಿ ತಿನ್ನುತ್ತದೆ. ಇಂಜಿನ್ ಇಲ್ಲದ ನಮಗೆ ಇರುವುದು ಹಿಂದೆ ಕೂರಿಸಿದ ಒಂದೆರಡು 12 ವೋಲ್ಟ್ ಬ್ಯಾಟರಿ, ಹಾರುವಾಗ ಅದನ್ನು ಚಾರ್ಜ್ ಮಾಡುವವರು ಯಾರೂ ಇಲ್ಲ. ಸಂಜೆ ಐದು ಗಂಟೆಗೆ ರೇಡಿಯೋ ಸತ್ತುಹೋದರೆ ಏನು ಮಾಡುವುದು ಅನ್ನುವ ಚಿಂತೆ ಸುಳ್ಳಲ್ಲ. ಖರ್ಚು 8,000 ಡಾಲರ್ ಆಯಿತು ಅಂದುಕೊಳ್ಳಿ, 4,000 ವಾಪಸ್. 12,000 ಆದರೂ 5,000ದ ಮೇಲೆ ಒಂದು ಪೈಸೆ ಬರುವುದಿಲ್ಲ. ಕೂರಿಸುವ ಕೂಲಿಯೂ ಈ ಲೆಕ್ಕದಲ್ಲಿ ಸೇರುತ್ತದೆ, ಅದನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಳ್ಳಿ.

ಇನ್ನೊಂದು, ಅಂಗೈಯಷ್ಟಿರುವ, ಗಾಜಿಗೆ ಅಂಟಿಸುವ ಸಾಧನ. ಇಲ್ಲಿ ಇದಕ್ಕೆ ಇಸಿ ಡಿವೈಸ್, ಅಂದರೆ ನಮ್ಮನ್ನು ಬೇರೆಯವರಿಗೆ ಕಾಣಿಸುವ ಸಾಧನ, ಅನ್ನುತ್ತಾರೆ. ಸ್ಕೈಎಕೋ ಅನ್ನುವುದು ಜಾಸ್ತಿ ಬಳಕೆಯಲ್ಲಿದೆ. ಒಳಗೇ ಬ್ಯಾಟರಿ, ಒಳಗೇ ಜಿಪಿಎಸ್, ಕೂರಿಸುವ ಖರ್ಚು ಇಲ್ಲ. ಕಳಿಸುತ್ತದೆ, ಸ್ವೀಕರಿಸುತ್ತದೆ, ಸ್ವೀಕರಿಸಿದ್ದನ್ನು ವೈಫೈ ಮೂಲಕ ಓಝ್‌ರನ್‌ವೇಸ್ ಅಥವಾ ಏವ್‌ಪ್ಲಾನ್ ಅನ್ನುವ ನಕಾಶೆ ಆ್ಯಪ್ ಇರುವ ಫೋನಿಗೆ ಕೊಡುತ್ತದೆ. ಸಾವಿರ ಡಾಲರಿನದ್ದು ಅಂದುಕೊಂಡರೆ ನಿಮ್ಮ ಕೈಯಿಂದ ಹೋಗುವುದು 500. ಇದಕ್ಕೂ ಮಿತಿ ಇದೆ, ಅದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಇದು ಟ್ರಾನ್ಸ್‌ಪಾಂಡರ್ ಅಲ್ಲ. ವಿಮಾನಗಳನ್ನು ದೂರ ಇಡುವ ಕೆಲಸಕ್ಕೆ ನಿಯಂತ್ರಕರು ಇದನ್ನು ಬಳಸುವುದಿಲ್ಲ, ದೊಡ್ಡ ವಿಮಾನದ ಡಿಕ್ಕಿ ತಪ್ಪಿಸುವ ಯಂತ್ರಕ್ಕೆ ಇದು ಉತ್ತರ ಕೊಡುವುದಿಲ್ಲ. ಆದರೆ ಎಡಿಎಸ್-ಬಿ ಹಿಡಿಯುವ ಸಾಧನ ಇರುವ ಪ್ರತಿ ಪೈಲಟ್‌ಗೂ ನೀವು ಕಾಣುತ್ತೀರಿ. ವಾರಕ್ಕೊಮ್ಮೆ ಹಾರುವ ಗ್ಲೈಡರ್‌ನವರಿಗೆ ನನ್ನ ಮಟ್ಟಿಗೆ ಇದೇ ಸರಿ. ದೊಡ್ಡ ವಿಮಾನ ನಿಲ್ದಾಣದ ಹತ್ತಿರ ಹಾರುವವರು ಮಾತ್ರ ಟ್ರಾನ್ಸ್‌ಪಾಂಡರ್ ಬಗ್ಗೆ ಗಂಭೀರವಾಗಿ ಯೋಚಿಸಬೇಕು.

ಯಾವುದೇ ಆಗಲಿ, ಕಳಿಸುವುದರ ಜೊತೆಗೆ ಸ್ವೀಕರಿಸಿ ತೋರಿಸುವ ವ್ಯವಸ್ಥೆಯೂ ಇರಲಿ. ಮ್ಯಾಂಗಲೋರ್ ವರದಿ ಓದಿದ ಮೇಲೆ ಬರೀ ಕಳಿಸುವುದನ್ನು ಕೊಳ್ಳಲು ಮನಸ್ಸು ಹೇಗೆ ಬರುತ್ತದೆ?

ಗ್ಲೈಡರ್‌ನಲ್ಲಿ ಇಡುವ ಜಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರಿಗೆ ಗೊತ್ತಿರುವುದು ಸೆಸ್ನಾದ ಕಿಟಕಿ. ಈಚಿನ ಗ್ಲೈಡರ್‌ಗಳಲ್ಲಿ ಬಹಳಷ್ಟು ಕಾರ್ಬನ್ ಫೈಬರ್ ಇರುತ್ತದೆ, ಕಾರ್ಬನ್ ರೇಡಿಯೋ ಅಲೆಯನ್ನು ತಡೆಯುತ್ತದೆ. ಸೀಟಿನ ಪಕ್ಕದ ಚೀಲದಲ್ಲೋ, ಪ್ಯಾನಲ್ ಹಿಂದೆಯೋ ಇಟ್ಟರೆ ಸಾಧನ ಕೆಲಸ ಮಾಡುತ್ತಿದೆ ಅಂತ ದೀಪ ಉರಿಯುತ್ತಿರುತ್ತದೆ, ಹೊರಗೆ ಮಾತ್ರ ಯಾರಿಗೂ ಕೇಳುವುದಿಲ್ಲ. ಗಾಜಿನ ಪಕ್ಕ, ಆಂಟೆನಾ ನೆಟ್ಟಗೆ ನಿಲ್ಲುವ ಹಾಗೆ, ನಿಮ್ಮ ನೋಟಕ್ಕೆ ಅಡ್ಡ ಬರದ ಹಾಗೆ ಇಡಬೇಕು. ಗಾಜು ತುರ್ತಾಗಿ ಕಳಚಿ ಎಸೆಯಬೇಕಾದಾಗ ಯಾವ ವೈರೂ ಹಿಡಿದುಕೊಳ್ಳಬಾರದು, ಇದನ್ನು ನೆಲದ ಮೇಲೆ ಕೂತು ಒಮ್ಮೆ ಮಾಡಿ ನೋಡಿ. ಹಾರಿ ಬಂದ ಮೇಲೆ ಸುತ್ತಲಿದ್ದವರನ್ನು "ನಾನು ಕಂಡೆನಾ, ಎಷ್ಟು ದೂರದಿಂದ ಕಂಡೆ" ಅಂತ ಕೇಳಿ. ಒಂದು ಕಡೆಯಿಂದ ಕಂಡು ಇನ್ನೊಂದು ಕಡೆಯಿಂದ ಕಾಣದಿದ್ದರೆ ಜಾಗ ಬದಲಿಸಿ.

ಸೆಟ್ಟಿಂಗ್ ಇನ್ನೊಂದು. ಪ್ರತಿ ವಿಮಾನಕ್ಕೂ ತನ್ನದೇ ಆದ 24 ಬಿಟ್ ಸಂಕೇತ ಇರುತ್ತದೆ, ಆಸ್ಟ್ರೇಲಿಯಾದ ಸಣ್ಣ ವಿಮಾನಗಳದ್ದು ಸಾಮಾನ್ಯವಾಗಿ 7ಸಿ ಅಂತ ಶುರುವಾಗುತ್ತದೆ. ಸಾಧನವನ್ನು ಒಂದು ಗ್ಲೈಡರ್‌ನಿಂದ ಇನ್ನೊಂದಕ್ಕೆ ಒಯ್ದರೆ ಆ ಸಂಕೇತವನ್ನೂ ಹೆಸರನ್ನೂ ಬದಲಿಸಲೇಬೇಕು, ಇಲ್ಲದಿದ್ದರೆ ಹ್ಯಾಂಗರಿನಲ್ಲಿ ನಿಂತಿರುವ ಗ್ಲೈಡರ್ ಆಕಾಶದಲ್ಲಿ ಹಾರುತ್ತಿದೆ ಅಂತ ಎಲ್ಲರಿಗೂ ಹೇಳಿದಂತೆ. ಯಾವ ಬಗೆಯ ವಿಮಾನ ಅಂತ ಕೇಳುವ ಕಡೆ ಗ್ಲೈಡರ್ ಅಂತಲೇ ಆರಿಸಿ. ಎದುರಿನವರಿಗೆ ಅದು ಬೇಕು. ಇದು ನೇರ ಹೋಗುವ ಯಂತ್ರ ಅಲ್ಲ, ಯಾವಾಗ ಬೇಕಾದರೂ ಗಕ್ಕಂತ ತಿರುಗಿ ಸುತ್ತು ಹಾಕಬಹುದು ಅಂತ ಅವರು ತಿಳಿದುಕೊಳ್ಳುತ್ತಾರೆ. ಮತ್ತೆ ಎಡಿಎಸ್-ಬಿ ಕಳಿಸುವ ಟ್ರಾನ್ಸ್‌ಪಾಂಡರ್ ಈಗಾಗಲೇ ಇದ್ದರೆ ಈ ಸಣ್ಣ ಸಾಧನದ ಕಳಿಸುವ ಭಾಗ ಆಫ್ ಮಾಡಿ, ಬರೀ ಸ್ವೀಕರಿಸಲು ಬಿಡಿ. ಒಂದೇ ವಿಮಾನ ಎರಡೆರಡು ಸಲ ಕೂಗಬಾರದು.

ಅರ್ಜಿ ಹಾಕುವುದು ಬಿಸಿನೆಸ್ ಡಾಟ್ ಗವ್ ಡಾಟ್ ಎಯು ತಾಣದಲ್ಲಿ. ಕೊಳ್ಳುವ ಮೊದಲೇ ಅಲ್ಲಿರುವ ಮಾರ್ಗಸೂಚಿ ಓದಿ, ಯಾವ ಸಾಧನಕ್ಕೆ ಸಿಗುತ್ತದೆ, ಯಾವ ದಿನಾಂಕದ ಬಿಲ್ ನಡೆಯುತ್ತದೆ ಅಂತ ನೋಡಿಕೊಳ್ಳಿ. ಪೋರ್ಟಬಲ್ ಸಾಧನ ಆದರೆ ವಿಮಾನಯಾನ ಸುರಕ್ಷತಾ ಪ್ರಾಧಿಕಾರ, ಅಂದರೆ ಕಾಸಾ, ಪ್ರಕಟಿಸಿರುವ ಪಟ್ಟಿಯಲ್ಲಿ ಆ ಮಾಡೆಲ್ ಇರಬೇಕು. ವಿದೇಶದ ಆನ್‌ಲೈನ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ದೇಶದ ಆವೃತ್ತಿ ತರಿಸಿಕೊಂಡು ಆಮೇಲೆ ಪೇಚಾಡಬೇಡಿ.

ನಮ್ಮ ಗ್ಲೈಡರ್ ಮೂರು ಜನರದ್ದು. ಇಲ್ಲಿ ಹೀಗೆ ಸೇರಿ ಕೊಳ್ಳುವುದು ಮಾಮೂಲು, ಒಬ್ಬರಿಗೆ ಅಷ್ಟು ದುಡ್ಡೂ ಇರುವುದಿಲ್ಲ, ಅಷ್ಟು ಬಿಡುವೂ ಇರುವುದಿಲ್ಲ. ಸಾಧನ ಮಾರಿದ ಅಂಗಡಿಯವರು ಬಿಲ್ಲಿನಲ್ಲಿ ಬರೀ "ವಿಮಾನ ಉಪಕರಣ" ಅಂತ ಬರೆದು ಕೊಟ್ಟಿದ್ದರು, ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಅದನ್ನು ಸರಿಪಡಿಸಿ ಕೊಡಿ ಅಂತ ಫೋನ್ ಮಾಡಿ, ಮೇಲ್ ಮಾಡಿ, ಮತ್ತೆ ಫೋನ್ ಮಾಡಿ ಸಾಕಾಯಿತು. ನೀವು ದುಡ್ಡು ಕೊಡುವ ಮೊದಲೇ ಹೇಳಿ: ಮಾಡೆಲ್, ಸೀರಿಯಲ್ ನಂಬರ್, ಕೊಂಡ ದಿನಾಂಕ, ದುಡ್ಡು ಸಂದಾಯವಾಗಿದೆ ಅನ್ನುವ ಮಾತು, ಇವೆಲ್ಲ ಒಂದೇ ಹಾಳೆಯಲ್ಲಿ ಇರಲಿ. ಪಾಲುದಾರರಿದ್ದರೆ ಯಾರ ಹೆಸರಿನಲ್ಲಿ ಅರ್ಜಿ, ಯಾರ ಹೆಸರಿನಲ್ಲಿ ಬಿಲ್ ಅಂತ ಮೊದಲೇ ಕೂತು ಮಾತಾಡಿಕೊಳ್ಳಿ. ಗ್ಲೈಡರ್‌ನ ನೋಂದಣಿ ದಾಖಲೆಯಲ್ಲಿರುವ ಹೆಸರಿನ ಜೊತೆ ಅದು ತಾಳೆಯಾಗುವ ಹಾಗೆ ನೋಡಿಕೊಳ್ಳಿ. ಎಷ್ಟೋ ಗ್ಲೈಡರ್ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹಳೆಯ ಪಾಲುದಾರರೇ ಇರುತ್ತಾರೆ.

ಇನ್ನು ಕೆಲವರಿಗೆ ಬೇರೆಯೇ ಅಳುಕು. "ಸರ್ಕಾರ ದುಡ್ಡು ಕೊಟ್ಟು ನಮ್ಮ ಬೆನ್ನ ಹಿಂದೆ ಗೂಢಚಾರ ಬಿಡುತ್ತಿದೆ, ನಾಳೆ ಆಕಾಶದ ನಿರ್ಬಂಧಿತ ಗಡಿ ದಾಟಿದೆ ಅಂತ ನೋಟಿಸ್ ಕಳಿಸುತ್ತಾರೆ" ಅನ್ನುತ್ತಾರೆ. ಎಡಿಎಸ್-ಬಿ ಕಳಿಸುವುದನ್ನು ಯಾರು ಬೇಕಾದರೂ ಹಿಡಿಯಬಹುದು ಅನ್ನುವುದು ನಿಜ, ಅಂತರ್ಜಾಲದ ನಕಾಶೆಯಲ್ಲೂ ಕಾಣುತ್ತದೆ. ಆದರೆ ಒಂದು ಮಾತು ಕೇಳುತ್ತೇನೆ. ಒಳ್ಳೆಯ ಹಾರಾಟ ಆದ ದಿನ ರಾತ್ರಿ ಊಟಕ್ಕೂ ಮೊದಲು ಆ ಹಾರಾಟದ ಜಿಪಿಎಸ್ ಫೈಲನ್ನು ಗ್ಲೈಡರ್ ಹಾರಾಟಗಳ ಆನ್‌ಲೈನ್ ಸ್ಪರ್ಧೆಯ ತಾಣವಾದ ಓಎಲ್‌ಸಿಗೆ ಏರಿಸುವವರು ಯಾರು? ನಾವೇ ಅಲ್ವಾ? ಎಲ್ಲಿ ಸುತ್ತಿದೆವು, ಎಷ್ಟು ಮೇಲೇರಿದೆವು ಅಂತ ಜಗತ್ತಿಗೇ ತೋರಿಸುತ್ತೇವೆ. ಸಂಜೆ ತೋರಿಸುವುದನ್ನು ಮಧ್ಯಾಹ್ನ ಪಕ್ಕದಲ್ಲಿ ಹಾರುವವನಿಗೆ ತೋರಿಸಿದರೆ ಒಂದು ಜೀವ ಉಳಿಯಬಹುದು. ಹಾರಿ ವಾಪಸ್ ಬರಲಾಗದೆ ಯಾವುದೋ ಹೊಲದಲ್ಲಿ ಇಳಿದಾಗ ಕೊನೆಯದಾಗಿ ಎಲ್ಲಿ ಕಂಡೆವು ಅನ್ನುವುದೂ ಹುಡುಕುವವರಿಗೆ ಸಿಗುತ್ತದೆ.

ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ಮೊದಲು ಪೂರ್ತಿ ದುಡ್ಡು ನೀವು ಹಾಕಿ, ಆಮೇಲೆ ಅರ್ಧ ಕೊಡುತ್ತೇವೆ ಅನ್ನುವ ಪದ್ಧತಿ ಕೆಲಸದಲ್ಲಿರುವ ನನ್ನಂಥವರಿಗೆ ನಡೆಯುತ್ತದೆ. ಐದಾರು ಗ್ಲೈಡರ್, ಒಂದು ಎಳೆಯುವ ವಿಮಾನ ಇಟ್ಟುಕೊಂಡು ಸದಸ್ಯರ ಚಂದಾದಲ್ಲಿ ನಡೆಯುವ ಸಣ್ಣ ಊರಿನ ಕ್ಲಬ್ಬಿಗೆ ಒಟ್ಟಿಗೆ ಅಷ್ಟು ದುಡ್ಡು ತೆಗೆಯುವುದು ಸುಲಭ ಅಲ್ಲ. ಹೊಸಬರು, ಹುಡುಗರು ಹಾರುವುದು ಆ ಕ್ಲಬ್ ಗ್ಲೈಡರ್‌ಗಳಲ್ಲೇ. ಕ್ಲಬ್ಬುಗಳಿಗೆ ಮುಂಗಡವಾಗಿ ಕೊಡುವ ಒಂದು ದಾರಿ ಬೇಕೇ ಬೇಕು. ಅಲ್ಲಿಯವರೆಗೆ ಕ್ಲಬ್ಬಿನವರು ಸುಮ್ನೆ ಕೂರಬಾರದು. ದಿನವಿಡೀ ಜಾಸ್ತಿ ಹಾರುವ ಎಳೆಯುವ ವಿಮಾನಕ್ಕೆ ಮೊದಲು ಹಾಕಿಸಿ, ವಾಪಸ್ ಬಂದ ದುಡ್ಡಿನಲ್ಲಿ ತರಬೇತಿಯ ಎರಡು ಸೀಟಿನ ಗ್ಲೈಡರ್‌ಗೆ ಹಾಕಿಸಿ. ಕೊನೆಯ ದಿನಾಂಕವನ್ನು ಈ ಮೊದಲು ಮುಂದಕ್ಕೆ ಹಾಕಿದ್ದಾರೆ ನಿಜ, ಆದರೆ ಇಟ್ಟ ದುಡ್ಡು ಮುಗಿದರೆ ಯೋಜನೆಯೂ ಮುಗಿಯಿತು ಅಂತ ಅವರೇ ಬರೆದಿದ್ದಾರೆ.

ಮಕ್ಕಳನ್ನು ಇಲ್ಲಿನ ಫ್ಲೈಯಿಂಗ್ ಸ್ಕೂಲಿಗೆ ಕಳಿಸಿರುವ ತಂದೆ ತಾಯಂದಿರಿಗೆ ಒಂದು ವಿನಂತಿ. ಹಾಸ್ಟೆಲ್ ಹೇಗಿದೆ, ಊಟ ಹೇಗಿದೆ ಅಂತ ಕೇಳುತ್ತೀರಿ. ಅದರ ಜೊತೆಗೆ ನಮ್ಮ ಹುಡುಗ ಹಾರಿಸುವ ವಿಮಾನದಲ್ಲಿ ಎಡಿಎಸ್-ಬಿ ಕಳಿಸುವುದಷ್ಟೇ ಇದೆಯಾ, ಸ್ವೀಕರಿಸಿ ತೋರಿಸುವುದೂ ಇದೆಯಾ ಅಂತ ಸ್ಕೂಲಿನವರನ್ನು ಕೇಳಿ. ಇಲ್ಲ ಅಂದರೆ ಯಾವಾಗ ಹಾಕಿಸುತ್ತೀರಿ ಅಂತ ಕೇಳಿ.

ಇಂತಿ,
ಗ್ಲೈಡರ್ ಹಾರಿಸುವ ಒಬ್ಬ ಓದುಗ
ವಿಕ್ಟೋರಿಯಾ, ಆಸ್ಟ್ರೇಲಿಯಾ